ಶಹನಾಯಿಯ ಪಕ್ಕದ ಮನೆ

ಕೀಬೋರ್ಡ್ ನುಡಿಸುವವನಿಗೂ ಬೆರಳು ಹತ್ತೇ. ಅದರಲ್ಲಿ ಒಂಬತ್ತು ಸಂಗೀತಕ್ಕೆ, ಒಂದು ಬಟನ್ ಒತ್ತುವುದಕ್ಕೆ. ಜನ ಚಪ್ಪಾಳೆ ತಟ್ಟುವುದು ಒಂಬತ್ತಕ್ಕೆ. ಆದರೆ ನನ್ನನ್ನು ಮೂವತ್ತು ಚಿಲ್ಲರೆ ವರ್ಷ ಸಾಕಿದ್ದು ಆ ಹತ್ತನೆಯದು. ಒಂದು ಮಧ್ಯಾಹ್ನ ಚೆಂಬೂರಿನ ಸಭಾಗೃಹವೊಂದರ ಮೆಟ್ಟಿಲ ಮೇಲೆ ನನ್ನ ಹೆಂಡತಿಯನ್ನು ಕೊಂದೇಬಿಡಲು ಹೊರಟಿದ್ದೂ ಅದೇ.

ಈಗ ನಾನು ನುಡಿಸುವುದಿಲ್ಲ. ನಮ್ಮ ಕೆಲಸಕ್ಕೆ ನಿವೃತ್ತಿ ಎನ್ನುವುದೇನೂ ಇಲ್ಲ. ಸಾಮಾನ್ಯವಾಗಿ ಕರೆ ಬರುವುದು ನಿಲ್ಲುತ್ತದೆ, ಅದನ್ನೇ ನಾವು ನಿವೃತ್ತಿ ಎಂದುಕೊಳ್ಳುತ್ತೇವೆ. ನಾನು ಕರೆ ಬರುತ್ತಿರುವಾಗಲೇ ನಿಲ್ಲಿಸಿದೆ. ಆದರೂ ಅಂಧೇರಿಯ ನಮ್ಮ ಬಿಲ್ಡಿಂಗಿಗೆ ಹೊಸ ಕೀಬೋರ್ಡ್ ಕೊಂಡ ಹುಡುಗ ಹುಡುಗಿಯರು ಬರುತ್ತಲೇ ಇರುತ್ತಾರೆ. ಕನ್ನಡ ಅರ್ಧ, ಹಿಂದಿ ಅರ್ಧ. "ಅಂಕಲ್, ಇದರಲ್ಲಿ ಸಬ್‌ಸೇ ಬೆಸ್ಟ್ ಟೋನ್ ಯಾವ್ದು?" ಎಂದು ಕೇಳುತ್ತಾರೆ. ಟೋನ್ ಯಾವುದಾದರೂ ಇರಲಿ, ಅದರ ಪಕ್ಕದಲ್ಲಿ ಯಾರನ್ನು ಇಟ್ಟಿದ್ದೀರಿ ಎಂದು ನಾನು ಕೇಳುತ್ತೇನೆ. ಮುದುಕನಿಗೆ ಏನೋ ಆಗಿದೆ ಎಂಬಂತೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅವರ ಊಹೆ ಪೂರ್ತಿ ತಪ್ಪೇನಲ್ಲ. ಆ ಪ್ರಶ್ನೆಯನ್ನು ನಾನು ಯಾಕೆ ಕೇಳುತ್ತೇನೆ ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ತಂದೆ ಉಡುಪಿ ಕಡೆಯಿಂದ ಬಂದು ಅಂಧೇರಿಯ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು. ಮಗ ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದಾಗ ಇಡೀ ಹೋಟೆಲಿಗೆ ಶೀರಾ ಹಂಚಿದರು. ಅದೇ ಮಗ ಸ್ಟುಡಿಯೋಗೆ ಸೇರಿದಾಗ ಮಾತ್ರ, "ಇಷ್ಟು ಓದಿ ಪೆಟ್ಟಿಗೆ ಬಾರಿಸುದಾ?" ಎಂದರು. ಬಾರಿಸುವುದಕ್ಕಿಂತ ಹೆಚ್ಚಾಗಿ ನಾನು ಮಾಡುತ್ತಿದ್ದದ್ದು ಜೋಡಿಸುವ ಕೆಲಸ ಎಂದು ಅವರಿಗೆ ಹೇಳಿ ತಿಳಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ.

ನಿಮಗೆ ಹೇಳುತ್ತೇನೆ. ಒಂದು ಪೆಟ್ಟಿಗೆಯೊಳಗೆ ನೂರಾರು ಸದ್ದುಗಳಿರುತ್ತವೆ: ಪಿಯಾನೋ, ಕೊಳಲು, ವೀಣೆ, ಪಿಟೀಲುಗಳ ಗುಂಪು. ಒಂದೊಂದಕ್ಕೂ ಒಂದು ನಂಬರು. ಸ್ಟುಡಿಯೋದವರು ಅದನ್ನು ಪ್ಯಾಚ್ ಎನ್ನುತ್ತಾರೆ, ಆರ್ಕೆಸ್ಟ್ರಾದವರು ಟೋನ್ ಎನ್ನುತ್ತಾರೆ. ಕಂಪನಿ ತನಗೆ ತೋಚಿದ ಕ್ರಮದಲ್ಲಿ ಎಲ್ಲವನ್ನೂ ತುಂಬಿ ಕಳಿಸಿರುತ್ತದೆ. ನಮಗೆಂದು ಬೇರೆ ಒಂದಷ್ಟು ಖಾಲಿ ಜಾಗ ಬಿಟ್ಟಿರುತ್ತದೆ. ಬೇಕಾದ ಸದ್ದನ್ನು ಆರಿಸಿ, ಬೇಕಾದಷ್ಟು ತಿದ್ದಿ, ಬೇಕಾದ ಬಟನ್ನಿಗೆ ತಂದು ಕೂರಿಸಬೇಕು. ನನ್ನ ಪೆಟ್ಟಿಗೆಯಲ್ಲಿ ಸಾಲಿಗೆ ಎಂಟು ಬಟನ್. ನಾನು ಅದನ್ನು ಚಾಳ್ ಎಂದೇ ಕರೆಯುತ್ತಿದ್ದೆ, ಈ ಊರಿನ ಸಾಲುಕೋಣೆಗಳ ಬಾಡಿಗೆ ಕಟ್ಟಡದ ಹಾಗೆ. ಒಂದು ಮಾಳಿಗೆಗೆ ಎಂಟು ಖೋಲಿ. ಯಾವ ಖೋಲಿಯಲ್ಲಿ ಯಾರು ಎಂದು ತೀರ್ಮಾನಿಸುವ ಮಾಲೀಕ ನಾನು.

ಸ್ಟುಡಿಯೋದಲ್ಲಿ ನಾವು ಟಿ.ವಿ. ಧಾರಾವಾಹಿಗಳಿಗೆ ಹಿನ್ನೆಲೆ ಸದ್ದು ಕೂರಿಸುತ್ತಿದ್ದೆವು. ಅಲ್ಲಿಗೆ ಬರುವ ನಿರ್ದೇಶಕರಿಗೆ ವಾದ್ಯದ ಹೆಸರು ಗೊತ್ತಿರುತ್ತಿರಲಿಲ್ಲ. ಒಬ್ಬರಂತೂ ಕಣ್ಣು ಮುಚ್ಚಿ, "ದಾದಾ, ಇಲ್ಲಿ ಸ್ವಲ್ಪ ನೇರಳೆ ಬಣ್ಣದ ಆವಾಜ್ ಕೊಡಿ" ಎಂದಿದ್ದರು. ನಾನು ಪಿಟೀಲುಗಳ ಗುಂಪಿಗೆ ಒಂದಿಷ್ಟು ಪ್ರತಿಧ್ವನಿ ಸೇರಿಸಿ ಕೊಟ್ಟೆ. "ಇದು ಗುಲಾಬಿ ಆಯ್ತು" ಎಂದರು. ಪ್ರತಿಧ್ವನಿ ಹೆಚ್ಚಿಸಿದೆ. "ಹಾಂ, ನೇರಳೆ!" ಎಂದರು. ಅಂದಿನಿಂದ ನಾನು ಸದ್ದುಗಳಿಗೆ ವಾದ್ಯದ ಹೆಸರಿಡುವುದನ್ನೇ ಬಿಟ್ಟೆ. ಪುಟ್ಟ ಪರದೆಯಲ್ಲಿ ನನ್ನದೇ ಹೆಸರುಗಳು ಮೂಡುತ್ತಿದ್ದವು: ಅತ್ತೆ ಒಂದು, ಅತ್ತೆ ಎರಡು, ತಾಯಿ, ಪತ್ರ ಬಂತು, ಡಾಕ್ಟರ್ ತಲೆಯಾಡಿಸಿದ. ಅತ್ತೆ ಒಂದು ಎಂದರೆ ಬರೀ ನೋಟ. ಅತ್ತೆ ಎರಡು ಎಂದರೆ ಹೋಗುತ್ತಿದ್ದವಳು ನಿಂತು, ತಿರುಗಿ ನೋಡುವುದು.

ಒಮ್ಮೆ ಆಗಬಾರದ್ದು ಆಯಿತು. ತಾಯಿ ಮಗನ ತಲೆ ಮುಟ್ಟಿ ಹರಸುವ ದೃಶ್ಯ. 'ತಾಯಿ' ಒತ್ತಬೇಕಾದಲ್ಲಿ ಪಕ್ಕದ ಖೋಲಿಯ 'ಅತ್ತೆ ಎರಡು' ಒತ್ತಿದೆ. ಅಂದೇ ಪ್ರಸಾರವಾಗಬೇಕಿತ್ತು, ಯಾರೂ ಕೇಳಿ ನೋಡಲಿಲ್ಲ. ಆ ಸಂಜೆ ಊರಿಗೆ ಊರೇ ಆ ತಾಯಿಯ ಆಶೀರ್ವಾದದಲ್ಲಿ ವಿಷ ಕಂಡಿತು. ಜನರಿಗೆ ಹಿಡಿಸಿದ್ದು ನೋಡಿ ಕಥೆ ಬರೆಯುವವರು ಮುಂದಿನ ವಾರದಿಂದ ಅವಳನ್ನು ಖಳನಾಯಕಿ ಮಾಡಿಬಿಟ್ಟರು. ಸದ್ಯದಲ್ಲೇ ಸಾಯಬೇಕಿದ್ದ ಪಾತ್ರ ಎರಡು ವರ್ಷ ಹೆಚ್ಚು ಬದುಕಿತು. ಆ ನಟಿ ದೀಪಾವಳಿಗೆ ನನಗೆ ಮಿಠಾಯಿ ಕಳಿಸಿದಳು. ತಪ್ಪು ಮಾಡಿದ್ದಕ್ಕೆ ಸಿಹಿ ಸಿಕ್ಕಿದರೆ ಮನುಷ್ಯ ಕೆಡುತ್ತಾನೆ. ನಾನೂ ಕೆಟ್ಟೆ.

ಎರಡನೆಯ ತಪ್ಪಿಗೆ ಸಿಹಿ ಸಿಗಲಿಲ್ಲ. ಬಾಂದ್ರಾದ ಒಂದು ಮನೆಯಲ್ಲಿ ಭಜನೆ. ನನ್ನ ಪಾಲಿಗೆ ಬರೀ ಹಾರ್ಮೋನಿಯಂ, ಬರೀ ನಿಧಾನ. ಬಟನ್ ಬದಲಿಸಲು ಹೋಗಿ ಕೆಳಗಿನ ತಾಳದ ಗುಂಡಿ ತಾಗಿತು. ಹಿಂದಿನ ವಾರ ಗರ್ಬಾಕ್ಕೆ ಬಿಟ್ಟಿದ್ದ ತಾಳ ಧಡಧಡನೆ ಹೊರಟಿತು. ಮನೆಯ ಅಜ್ಜಿ ಕಣ್ಣು ಮುಚ್ಚಿದ್ದವರು ಕಣ್ಣು ತೆರೆಯದೆಯೇ, "ಇರಲಿ ಬಿಡಿ, ದೇವರಿಗೂ ಬೇಜಾರಾಗಿರ್ತದೆ" ಎಂದರು. ಎಲ್ಲರೂ ನಕ್ಕರು, ನಾನು ಮಾತ್ರ ನಗಲಿಲ್ಲ. ಮನೆಗೆ ಬಂದು ಒಂದು ನಿಯಮ ಮಾಡಿಕೊಂಡೆ: ಬೆರಳು ಜಾರಿಯೇ ಜಾರುತ್ತದೆ, ಆದ್ದರಿಂದ ಜಾರಿದರೂ ಕ್ಷಮೆ ಸಿಗುವಂಥ ನೆರೆಯವರನ್ನೇ ಇಡಬೇಕು. ಕೊಳಲಿನ ಪಕ್ಕದಲ್ಲಿ ವೀಣೆ, ವೀಣೆಯ ಪಕ್ಕದಲ್ಲಿ ಸಂತೂರ್. ಒಂದರ ಬದಲು ಇನ್ನೊಂದು ಬಂದರೆ ಕೇಳುವವರು, "ವಾಹ್, ಹೊಸದಾಗಿ ಮಾಡಿದ್ದಾರೆ" ಎಂದುಕೊಳ್ಳಬೇಕು. ಹೊಸಬರು ಎಲ್ಲ ಪಿಯಾನೋಗಳನ್ನು ಒಂದು ಕಡೆ, ಎಲ್ಲ ಡ್ರಮ್‌ಗಳನ್ನು ಒಂದು ಕಡೆ ಇಡುತ್ತಾರೆ. ನೋಡಲು ಅಂದ, ಅಷ್ಟೇ. ಚಾಳಿನಲ್ಲಿ ಬಾಳುವೆ ನಡೆಯುವುದು ಪಕ್ಕದವರು ಸರಿ ಇದ್ದರೆ.

ಈ ನಿಯಮವನ್ನು ನಾನು ಬಹಳ ವರ್ಷ ಪಾಲಿಸಿದೆ. ಮುರಿದದ್ದು ಒಂದೇ ಸಲ.

ರಜಾದಿನಗಳಲ್ಲಿ ನಾನು ಭಾಸ್ಕರಣ್ಣನ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದೆ. ಭಾಸ್ಕರಣ್ಣ ಮಂಗಳೂರು ಕಡೆಯವರು. ಆರ್ಕೆಸ್ಟ್ರಾದ ಯಜಮಾನರೂ ಅವರೇ, ಮೈಕು ಹಿಡಿದು ಕಾರ್ಯಕ್ರಮ ನಡೆಸಿಕೊಡುವವರೂ ಅವರೇ. ಬಿಳಿ ಸಫಾರಿ ತೊಟ್ಟು ಮೈಕು ಹಿಡಿದರೆ ಬಿಡುವ ಪೈಕಿಯವರಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದವನು ಇಕ್ಬಾಲ್, ವಿಜಯಪುರದವನು. ಸಭೆಯ ನಡುವೆ ಮೇಜು ಹಾಕಿಕೊಂಡು, ಎದುರಿಗೆ ಮಿಕ್ಸರ್ ಇಟ್ಟುಕೊಂಡು, ಯಾರ ಸದ್ದು ಎಷ್ಟು ಕೇಳಬೇಕೆಂದು ನಿರ್ಧರಿಸುತ್ತಿದ್ದ. ನನ್ನನ್ನು ಸರ್ ಎನ್ನುತ್ತಿದ್ದ, ಆದರೆ ಒಂದು ದಿನವೂ ನನ್ನ ಮಾತು ಕೇಳಿದವನಲ್ಲ.

ಆ ವರ್ಷ ಭಾಸ್ಕರಣ್ಣ ಹಾಡುಗಳ ನಡುವೆ ಮಿಮಿಕ್ರಿಯ ಒಂದು ತುಣುಕು ಸೇರಿಸಿದ್ದರು. ಕೊನೆಯಲ್ಲಿ ಖಳನಾಯಕ ಗುಂಡು ತಿಂದು ಬೀಳಬೇಕು. ಗುಂಡಿನ ಸದ್ದು ನನ್ನ ಪೆಟ್ಟಿಗೆಯಿಂದ. ಕಂಪನಿಯವರು ಕಟ್ಟಕಡೆಯ ನಂಬರುಗಳಲ್ಲಿ ಇಂಥವನ್ನು ತುಂಬಿರುತ್ತಾರೆ: ಸಮುದ್ರ, ಹಕ್ಕಿ, ಟೆಲಿಫೋನು, ಗುಂಡು. ನಾನು ಅವನ್ನು ಮೇಲಿನ ಮಾಳಿಗೆಯಲ್ಲಿ, ಸಭ್ಯರಿಂದ ದೂರವೇ ಇಟ್ಟಿದ್ದೆ. ಅಲ್ಲಿಗೆ ಹೋಗಲು ಎರಡು ಬಟನ್ ಹೆಚ್ಚು ಒತ್ತಬೇಕು. ಮೊದಲ ಪ್ರದರ್ಶನದಲ್ಲೇ ಖಳನಾಯಕ ಎದೆ ಹಿಡಿದುಕೊಂಡು ಬಿದ್ದ, ಒದ್ದಾಡಿದ, ಸತ್ತ. ಆಮೇಲೆ ಗುಂಡು ಹಾರಿತು. ಸತ್ತವನು ಬೆಚ್ಚಿ ಎದ್ದು ಕೂತ.

"ಎಂತ ಮಾರಾಯ ನೀನು!" ಭಾಸ್ಕರಣ್ಣ ವೇದಿಕೆಯ ಪರದೆಯ ಹಿಂದೆ ಕೂಗಾಡಿದರು. "ಅವ ಸತ್ತು ತಣ್ಣಗಾದ ಮೇಲೆ ಹೊಡೆಯುದಾ? ಬಿ.ಎಸ್ಸಿ. ಅಂತೆ! ಆ ಬಂದೂಕನ್ನು ಕೈಗೆ ಸಿಗುವ ಹಾಗೆ ಇಡ್ಲಿಕ್ಕೆ ಆಗುದಿಲ್ವಾ ನಿಂಗೆ?"

ಅವಮಾನವಾಯಿತು. ಅದೇ ವಾರ ನಾನು ಚಾಳಿನ ಕೆಳ ಮಾಳಿಗೆಯನ್ನು ಹೊಸದಾಗಿ ಜೋಡಿಸಿದೆ. ಎಲ್ಲ ಹಾಡುಗಳಿಗೂ ಬೇಕಾಗುವ ಸಾಲು ಅದು. ಮೊದಲ ನಾಲ್ಕರಲ್ಲಿ ಪಿಯಾನೋ, ಪಿಟೀಲು, ಕೊಳಲು, ವೀಣೆ. ಐದರಲ್ಲಿ ಶಹನಾಯಿ. ಆರರಲ್ಲಿ ಗುಂಡು. ಏಳರಲ್ಲಿ ಪೊಲೀಸ್ ಸೈರನ್. ಎಂಟರಲ್ಲಿ ಟೆಲಿಫೋನು. ಮುಂದಿನ ಪ್ರದರ್ಶನದಲ್ಲಿ ಗುಂಡು ಸರಿಯಾದ ಕ್ಷಣಕ್ಕೆ ಹಾರಿತು. ಖಳನಾಯಕ ನೆಮ್ಮದಿಯಿಂದ ಸತ್ತ. ಸದ್ದು ಸಾಲದು ಎಂದು ಭಾಸ್ಕರಣ್ಣ ಹೇಳಿದ್ದರಿಂದ ಅದನ್ನು ಇನ್ನಷ್ಟು ಜೋರು ಮಾಡಿ, ಪ್ರತಿಧ್ವನಿಯನ್ನೂ ಸೇರಿಸಿದ್ದೆ.

ವೈರು ಸುತ್ತುತ್ತಿದ್ದ ಇಕ್ಬಾಲ್ ನನ್ನ ಪೆಟ್ಟಿಗೆಯ ಪರದೆಗೆ ಬಗ್ಗಿ ನೋಡಿದ. "ಸರ್, ಶಹನಾಯಿ ಬಾಜೂಕ ಬಂದೂಕ ಇಟ್ಟೀರಲ್ಲ, ಇದು ಬರೋಬರ್ ಅಲ್ರಿ."

"ನನ್ನ ಬೆರಳು ನನಗೆ ಗೊತ್ತಿದೆ ಇಕ್ಬಾಲ್."

"ನಿಮಗ ಗೊತ್ತೈತ್ರಿ. ಬೆರಳಿಗೆ ಗೊತ್ತೈತೇನು, ಅದನ್ನ ಕೇಳ್ರಿ."

ಕೇಳಲಿಲ್ಲ.

ಈಗ ನನ್ನ ಹೆಂಡತಿ ನಿರ್ಮಲಾಳ ವಿಷಯಕ್ಕೆ ಬರಬೇಕು. ಅವಳು ಧಾರವಾಡದವಳು. ಇಲ್ಲಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದಳು. ಮದುವೆಯಾದಾಗಿನಿಂದ ನನ್ನ ಒಂದು ಕಾರ್ಯಕ್ರಮಕ್ಕೂ ಬಂದಿರಲಿಲ್ಲ. ಕರೆದರೆ, "ಮನ್ಯಾಗ ಒಂದs ಹಾಡಿನ ಎಂಟು ತುಣುಕು ನೂರು ಸರ್ತಿ ಕೇಳೀನಿ. ಮತ್ತ ದುಡ್ಡು ಕೊಟ್ಟು ಸೀರಿ ಇಸ್ತ್ರಿ ಮಾಡಿಸ್ಕೊಂಡು ಅದನ್ನs ಕೇಳಾಕ ಬರ್ಲೇನ್ರಿ?" ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಒಂದು ಕೊಳಲನ್ನು ತಿದ್ದಲು ನಾನು ಒಂದು ಭಾನುವಾರ ಪೂರ್ತಿ ತೆಗೆದುಕೊಂಡವನು.

ಆ ಸಲ ನಾನು ಬಹಳ ಕಾಡಿದೆ. ಚೆಂಬೂರಿನಲ್ಲಿ ನಮ್ಮವರದೇ ಮದುವೆಯ ಆರತಕ್ಷತೆ, ಮಧ್ಯಾಹ್ನದ ಕಾರ್ಯಕ್ರಮ, ಹೋಳಿಗೆ ಊಟ. ಹೋಳಿಗೆಯ ಮಾತಿಗೆ ಒಪ್ಪಿದಳು. ಕೆಂಪು ಇಳಕಲ್ ಸೀರೆ ಉಟ್ಟು ಬಂದಳು. ಮಂಡಿ ನೋವು ಎಂದು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಊಟ ಕೆಳಗೆ ನೆಲ ಅಂತಸ್ತಿನಲ್ಲಿ, ಕಾರ್ಯಕ್ರಮ ಎರಡನೆಯ ಮಾಳಿಗೆಯಲ್ಲಿ. ಇಳಿಯಲು ಎರಡು ಕಡೆ ಮೆಟ್ಟಿಲುಗಳಿದ್ದವು. ಒಂದರ ಬಾಗಿಲಿಗೆ ಹೆಚ್ಚಿನ ಕುರ್ಚಿಗಳನ್ನು ಒಟ್ಟಿ ಬೀಗ ಹಾಕಿದ್ದರು. ಉಳಿದದ್ದು ಒಂದೇ, ಇಬ್ಬರು ದಪ್ಪನೆಯವರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥದ್ದು. ಸಭಾಗೃಹದ ಹೆಸರು ಬೇಡ. ಅಲ್ಲಿ ಆ ದಿನ ಕುರ್ಚಿಗಳ ಹಿಂದೆ ಬೀಗ ಇತ್ತು ಎಂಬುದನ್ನು ನಾನು ಗಮನಿಸಿದ್ದೆ, ಗಮನಿಸಿ ಸುಮ್ಮನಿದ್ದೆ.

ಹನ್ನೆರಡೂವರೆಗೆ ವಧೂವರರು ಬರಬೇಕು. ಅವರು ಬಾಗಿಲಿನಿಂದ ವೇದಿಕೆಗೆ ಬರುವಷ್ಟು ಹೊತ್ತು ಶಹನಾಯಿ. ಶಹನಾಯಿ ಎಂದರೆ ಅದಕ್ಕೊಂದು ಆರಂಭವಿದೆ, ಎಂಟು ಹತ್ತು ಸ್ವರಗಳು ಪಟಪಟನೆ ಒಂದರ ಬೆನ್ನಿಗೆ ಒಂದು ಏರಿ ಮೇಲೆ ನಿಲ್ಲಬೇಕು. ಅದನ್ನು ನಾನು ಕಣ್ಣು ಮುಚ್ಚಿ ನುಡಿಸಬಲ್ಲೆ. ಅಂದು ಕಣ್ಣು ತೆರೆದೇ ಇತ್ತು, ಆದರೆ ಪೆಟ್ಟಿಗೆಯ ಮೇಲೆ ಇರಲಿಲ್ಲ. ನಿರ್ಮಲಾ ಕೇಳುತ್ತಿದ್ದಾಳೋ ಇಲ್ಲವೋ ಎಂದು ಕೊನೆಯ ಸಾಲನ್ನು ಹುಡುಕುತ್ತಿತ್ತು. ಅವಳ ಕುರ್ಚಿ ಖಾಲಿ. ಮೊದಲ ಪಂಕ್ತಿಗೆ ಇಳಿದುಬಿಟ್ಟಳು, ನನ್ನ ಶಹನಾಯಿಗಿಂತ ಹೋಳಿಗೆ ಹೆಚ್ಚಾಯಿತು ಎಂದು ಮನಸ್ಸು ಹುಳ್ಳಗಾಯಿತು. ಅದೇ ಹೊತ್ತಿಗೆ ಭಾಸ್ಕರಣ್ಣ ಕೈ ಎತ್ತಿ ಸನ್ನೆ ಮಾಡಿದರು. ನಾನು ಕುರ್ಚಿಯನ್ನೇ ನೋಡುತ್ತ ಬಟನ್ ಒತ್ತಿದೆ, ಆ ಆರಂಭವನ್ನು ಬಿಟ್ಟೆ.

ಎಂಟು ಹತ್ತು ಗುಂಡುಗಳು. ಪಟಪಟನೆ, ಒಂದರ ಬೆನ್ನಿಗೆ ಒಂದು, ಪ್ರತಿಧ್ವನಿಯ ಸಮೇತ, ಆಳೆತ್ತರದ ಸ್ಪೀಕರುಗಳಿಂದ.

ಈ ಊರಿನ ಕಿವಿ ಪಟಾಕಿಯನ್ನೂ ಗುಂಡನ್ನೂ ಬೇರೆ ಮಾಡಲು ಕಲಿತಿದೆ. ಯಾರೋ "ಗೋಲಿ ಚಲೀ!" ಎಂದರು. ಕುರ್ಚಿಗಳು ಒಟ್ಟಿಗೆ ಉರುಳಿದವು. ಮುನ್ನೂರು ಜನ ಒಂದೇ ಬಾಗಿಲಿಗೆ ತಿರುಗಿದರು.

ಆಗಲೇ ನನ್ನ ಬೆರಳು ಎರಡನೆಯ ತಪ್ಪು ಮಾಡಿತು. ಹಿಂದಿನ ಬಟನ್ನಿಗೆ, ಐದಕ್ಕೆ ಹೋಗಬೇಕಿತ್ತು. ಭಯದಲ್ಲಿ ಮುಂದಿನದನ್ನು ಒತ್ತಿದೆ. ಕೈ ಇನ್ನೂ ಸ್ವರಗಳ ಮೇಲೆಯೇ ಇತ್ತು. ಪೊಲೀಸ್ ಸೈರನ್ ಊಳಿಟ್ಟಿತು. ಇಷ್ಟು ಬೇಗ ಪೊಲೀಸರು ಬಂದಿದ್ದಾರೆಂದರೆ ವಿಷಯ ದೊಡ್ಡದೇ ಇರಬೇಕೆಂದು, ಅದುವರೆಗೆ ಕೂತೇ ಇದ್ದ ಧೈರ್ಯವಂತರೂ ಎದ್ದು ಓಡಿದರು.

ಇಕ್ಬಾಲ್ ತಟ್ಟನೆ ಮಿಕ್ಸರಿನ ಮುಖ್ಯ ಗುಂಡಿಯನ್ನು ಕೆಳಗೆಳೆದ. ಎಲ್ಲ ಸದ್ದು ಸತ್ತಿತು. ಸೌಂಡ್ ನೋಡಿಕೊಳ್ಳುವ ಯಾರೇ ಆದರೂ ಮೊದಲು ಮಾಡುವುದು ಅದನ್ನೇ. ಆದರೆ ಅದರೊಂದಿಗೆ ಮೈಕೂ ಸತ್ತಿತು. ಭಾಸ್ಕರಣ್ಣ ತಬಲಾ ಇಟ್ಟಿದ್ದ ಮೇಜಿನ ಕೆಳಗೆ ಕೂತು, ಸತ್ತ ಮೈಕಿನಲ್ಲಿ, "ಬಂಧುಗಳೇ, ಯಾರೂ ಗಾಬರಿಯಾಗಬಾರದು" ಎನ್ನುತ್ತಿದ್ದರು. ಅದು ಕೇಳಿಸಿದ್ದು ನನಗೊಬ್ಬನಿಗೆ.

ಸದ್ದು ನಿಂತ ಮೇಲೆ ಉಳಿದದ್ದು ಕಾಲುಗಳ ಸಪ್ಪಳ. ಬಾಗಿಲ ಬಳಿ ಜನ ಗಟ್ಟಿಯಾಗಿ ಕಚ್ಚಿಕೊಂಡಿದ್ದರು. ವೇದಿಕೆಯಿಂದ ನನಗೆ ಕಾಣುತ್ತಿದ್ದದ್ದು ಬರೀ ಬೆನ್ನುಗಳು, ಬರೀ ತಲೆಯ ಹಿಂಭಾಗಗಳು. ಅವುಗಳ ನಡುವೆ ಒಂದು ಮುಖ ಮಾತ್ರ ನನ್ನ ಕಡೆಗಿತ್ತು.

ನಿರ್ಮಲಾ. ಎಲ್ಲರೂ ಇಳಿಯಲು ನೂಕುತ್ತಿದ್ದ ಬಾಗಿಲಿನಲ್ಲಿ ಅವಳು ಹತ್ತಿ ಒಳಗೆ ಬರುತ್ತಿದ್ದಳು. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದಿದ್ದಳು. ಕೆಂಪು ಸೆರಗು ಯಾರದೋ ಭುಜಕ್ಕೆ ಸಿಕ್ಕಿ ಎಳೆದುಹೋಗುತ್ತಿತ್ತು. ಅವಳ ತಲೆ ಒಮ್ಮೆ ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಬಾಯಿ ಏನೋ ಕೂಗುತ್ತಿತ್ತು. ಇನ್ನೊಮ್ಮೆ ಕೆಳಗೆ ಹೋದರೆ ಮೇಲೆ ಬರುವುದಿಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾಗುವುದು ಎಂದರೆ ಹೇಗೆ ಎಂದು ನನಗೆ ಅಂದೇ ತಿಳಿದದ್ದು.

ಈ ಜಾಗಕ್ಕೆ ನಾನು ಎಷ್ಟು ಸಲ ಮರಳಿ ಹೋಗಿದ್ದೇನೋ ಲೆಕ್ಕವಿಲ್ಲ. ವೇದಿಕೆಯಿಂದ ಹಾರಿ ಓಡಬಹುದಿತ್ತು, ಆದರೆ ಮುನ್ನೂರು ಬೆನ್ನುಗಳ ಹಿಂದೆ ಮುನ್ನೂರ ಒಂದನೆಯವನಾಗುತ್ತಿದ್ದೆ, ಅವಳ ಮೇಲೆ ಒತ್ತುವ ಇನ್ನೊಂದು ಮೈ. ಕೂಗಿದರೆ ಯಾರಿಗೂ ಕೇಳದು. ಕೇಳಿದರೂ ಯಾರೂ ನಂಬುತ್ತಿರಲಿಲ್ಲ. ಗುಂಡು ಹಾರಿಲ್ಲ ಎಂದು ಹೇಳಬಲ್ಲವರು ಯಾರು? ಗುಂಡೇ ಹೇಳಬೇಕಿತ್ತು.

ನಾನು ಆರನೆಯ ಬಟನ್ ಒತ್ತಿದೆ. ಈ ಸಲ ನೋಡಿ ಒತ್ತಿದೆ. ಇಕ್ಬಾಲನ ಕಡೆ ತಿರುಗಿ, ಅಂಗೈಯನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಸನ್ನೆ ಮಾಡಿದೆ: ಸದ್ದು ಕೊಡು. ಅವನಿಗೆ ನನ್ನ ಪರದೆ ಕಾಣದಿದ್ದರೂ ನನ್ನ ಬೆರಳು ಎಲ್ಲಿದೆ ಎಂದು ಕಂಡಿತು. "ಪಾಗಲ್ ಹೋಗಯೇ ಕ್ಯಾ?" ಎಂದದ್ದು ತುಟಿಯ ಚಲನೆಯಲ್ಲೇ ನನಗೆ ತಿಳಿಯಿತು. ನಾನು ಇನ್ನೊಮ್ಮೆ ಕೈ ಎತ್ತಿದೆ. ಮುಖ ಹೇಗಿತ್ತೋ ಗೊತ್ತಿಲ್ಲ. ಜೀವನದಲ್ಲಿ ಅದೊಂದು ಸಲ ಅವನು ನನ್ನ ಮಾತು ಕೇಳಿದ.

ನಾನು ಗುಂಡಿನಲ್ಲಿ ಸರಿಗಮ ನುಡಿಸಿದೆ.

ಕೀಬೋರ್ಡ್‌ಗೆ ತಾರತಮ್ಯವಿಲ್ಲ. ಕೊಳಲನ್ನು ಹೇಗೆ ಏರಿಸಿ ಇಳಿಸುತ್ತದೋ ಗುಂಡನ್ನೂ ಹಾಗೇ ಏರಿಸಿ ಇಳಿಸುತ್ತದೆ. ಕೆಳಗಿನ ಸ ಫಿರಂಗಿಯಂತೆ ಧಡ್ ಎಂದಿತು, ಬಾಗಿಲ ಬಳಿ ಇನ್ನೊಂದು ಚೀತ್ಕಾರ ಎದ್ದಿತು. ನಿಲ್ಲಿಸಲಿಲ್ಲ. ರಿ. ಗ. ಮ. ನಿಧಾನವಾಗಿ, ಪಾಠದ ಮೊದಲ ದಿನದ ಮಗುವಿನಂತೆ. ಪ ಬಂದೂಕು. ದ ಆಟಿಕೆಯ ಬಂದೂಕು. ನಿ ಬಾಟಲಿಯ ಬಿರಡೆ. ಮೇಲಿನ ಸ ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ, ಚಟ್. ಮತ್ತೆ ಇಳಿದೆ: ಸ ನಿ ದ ಪ ಮ ಗ ರಿ ಸ. ಶ್ರುತಿ ಒಂದಿಷ್ಟೂ ತಪ್ಪಲಿಲ್ಲ. ಮತ್ತೆ ಏರಿದೆ.

ಶ್ರುತಿ ಹಿಡಿದು ಗುಂಡು ಹಾರಿಸುವ ಕೊಲೆಗಾರನನ್ನು ಯಾರೂ ಕಂಡಿಲ್ಲ. ಮೊದಲು ಹಿಂದಿನ ಸಾಲಿನ ಬೆನ್ನುಗಳು ನಿಂತವು. ಒಂದೊಂದೇ ತಲೆ ತಿರುಗಿತು. ಎರಡನೆಯ ಸಲ ಸಾಸಿವೆ ಸಿಡಿದಾಗ ವೇದಿಕೆಯ ಮುಂದಿನ ಸಾಲಿನ ಕುರ್ಚಿಯಿಂದ ಕದಲದೇ ಕೂತಿದ್ದ ಒಬ್ಬ ಹೆಂಗಸು, ದಪ್ಪ ಕನ್ನಡಕದವರು, ಸೊಂಟಕ್ಕೆ ಕೈ ಇಟ್ಟು ಎದ್ದು ನಿಂತು ಗಟ್ಟಿಯಾಗಿ ಹೇಳಿದರು: "ಅಯ್ಯೋ, ಅದು ಆರ್ಕೆಸ್ಟ್ರಾದ ಪೆಟ್ಟಿಗೆ ಮಾರಾಯ್ರೇ! ಎಂತ ಓಡುದು ನೀವೆಲ್ಲ?"

ಯಾರೋ ನಕ್ಕರು. ನಗು ಹರಡಿತು, ಅಳುವಿನ ಹಾಗೆ ನಡುಗುವ ನಗು. ಬಾಗಿಲಿನ ಗಂಟು ಸಡಿಲವಾಯಿತು. ನಾನು ಕೊನೆಯ ಸ ಮುಗಿಸಿ, ಕೈ ಎತ್ತಿ, ವೇದಿಕೆಯಿಂದ ಇಳಿದು ಓಡಿದೆ.

ನಿರ್ಮಲಾ ಬಾಗಿಲ ಹೊಸ್ತಿಲಲ್ಲೇ ಕೂತಿದ್ದಳು. ಒಂದು ಚಪ್ಪಲಿ ಇರಲಿಲ್ಲ. ಬಲಗೈ ಮಣಿಕಟ್ಟು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ತೂತು ಬಿದ್ದಿದೆಯೋ ಎಂದು ನೋಡುವಂತೆ. ಆಮೇಲೆ ಹೇಳಿದಳು: "ಮಾಯಾಮಾಳವಗೌಳ ರಾಗ ಏನ್ರಿ ಅದು?"

ವಧೂವರರಿಗೇನೂ ಆಗಿರಲಿಲ್ಲ. ಇನ್ನು ಕೆಲವರಿಗೆ ತರಚು ಗಾಯ, ಒಬ್ಬರ ಕಾಲು ಉಳುಕಿತ್ತು, ಅಷ್ಟಕ್ಕೇ ಮುಗಿಯಿತು. ಅಷ್ಟಕ್ಕೇ ಎಂದು ಬರೆಯುವಾಗ ಈಗಲೂ ಕೈ ನಿಲ್ಲುತ್ತದೆ. ಇಕ್ಬಾಲನೂ ನಾನೂ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅದೇ ಮೆಟ್ಟಿಲು ಇಳಿಸಿದೆವು. "ನೆಟ್ಟಗ ಹಿಡೀರಿ ಇಕ್ಬಾಲ್‌ಭಾಯ್, ಕುರ್ಚಿ ಬಾಡಿಗೀದು" ಎಂದಳು. "ಅಕ್ಕಾರ, ನೀವು ಮಾತಾಡಬ್ಯಾಡ್ರಿ, ನನಗ ನಗು ಬಂದ್ರ ಕುರ್ಚಿ ಬೀಳ್ತೈತಿ" ಎಂದ ಅವನು. ಅವನು ಅಳುತ್ತಿದ್ದ.

ಮೇಲೆ ಭಾಸ್ಕರಣ್ಣ ಮೇಜಿನ ಕೆಳಗಿನಿಂದ ಎದ್ದು, ಸಫಾರಿ ಕೊಡವಿಕೊಂಡು, "ವಿದ್ಯುತ್ತಿನ ಸಣ್ಣ ದೋಷ" ಎಂದು ಮೈಕಿನಲ್ಲಿ ಸಾರಿದ್ದರಂತೆ. ಮರುದಿನ ನಾನು ವಧುವಿನ ತಂದೆಯ ಮನೆಗೆ ಹೋಗಿ, ವಿದ್ಯುತ್ತಲ್ಲ, ನನ್ನ ಬೆರಳು ಎಂದು ಹೇಳಿಬಂದೆ. ಅವರು, "ನಾವು ಕರೆದದ್ದು ಹಾಡಿಗೆ, ಯುದ್ಧಕ್ಕಲ್ಲ" ಎಂದರು. ಆಮೇಲೆ ಒಳಗೆ ಹೋಗಿ, ಉಳಿದಿದ್ದ ಹೋಳಿಗೆ ಕಟ್ಟಿಕೊಟ್ಟರು, ನಿರ್ಮಲಾಳಿಗೆಂದು. ನಾನು ಆ ಪೊಟ್ಟಣ ಹಿಡಿದು ಚೆಂಬೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮೂರು ಲೋಕಲ್ ಬಿಟ್ಟೆ.

ಆಮೇಲೆ ಬಂದೂಕನ್ನು ಅಳಿಸಿಹಾಕಿದೆ. ಭಾಸ್ಕರಣ್ಣ ಖಳನಾಯಕನನ್ನು ಹೃದಯಾಘಾತದಿಂದ ಸಾಯಿಸತೊಡಗಿದರು. ಪ್ರತಿ ಕಾರ್ಯಕ್ರಮಕ್ಕೆ ಮುಂಚೆ ಇಕ್ಬಾಲ್ ಮುಖ್ಯ ಗುಂಡಿಯನ್ನು ಪೂರ್ತಿ ಕೆಳಗೆಳೆದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಹಾಜರಿ ತಗೋಳ್ರಿ ಸರ್" ಎನ್ನುತ್ತಿದ್ದ. ನಾನು ಒಂದೊಂದೇ ಖೋಲಿಯ ಬಾಗಿಲು ತಟ್ಟುತ್ತಿದ್ದೆ. ಅವನು ಕೇಳಿ ತಲೆಯಾಡಿಸಬೇಕು, ನಾನು ಮುಂದಕ್ಕೆ ಹೋಗಬೇಕು. ಕಾಲು ಗಂಟೆ ಹಿಡಿಯುತ್ತಿತ್ತು. ಫ್ಲಾಪಿ ಹೋಗಿ ಪೆನ್‌ಡ್ರೈವ್ ಬಂತು, ಪೆನ್‌ಡ್ರೈವ್ ಹೋಗಿ ಲ್ಯಾಪ್‌ಟಾಪ್ ಬಂತು, ಹಾಜರಿ ಮಾತ್ರ ತಪ್ಪಲಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಸಾವಿರ ಪಿಯಾನೋ ಇವೆಯಂತೆ. ಇರಲಿ. ಇಪ್ಪತ್ತು ಆರಿಸಿ ಉಳಿದದ್ದನ್ನು ಮರೆತುಬಿಡಿ. ಆ ಇಪ್ಪತ್ತರ ಅಕ್ಕಪಕ್ಕ ಯಾರಿದ್ದಾರೆ ನೋಡಿ. ಯಾವುದು ಉಳಿದವಕ್ಕಿಂತ ಜೋರಾಗಿದೆ ನೋಡಿ, ಅದನ್ನು ತಗ್ಗಿಸಿ. ಮತ್ತು ಒಳಗೆ ಹೋಗುವಾಗ ಹೊರಗೆ ಹೋಗುವ ಬಾಗಿಲು ಎಷ್ಟಿವೆ ಎಂದು ಎಣಿಸಿ. ಇದು ಸಂಗೀತದ ಪಾಠವಲ್ಲ, ಆದರೂ ಎಣಿಸಿ.

ನಾನು ನಿಲ್ಲಿಸಿದ್ದು ಯಾಕೆಂದರೆ, ಬಟನ್ ಒತ್ತುವ ಮೊದಲು ಬೆರಳು ಒಂದು ಕ್ಷಣ ನಿಲ್ಲತೊಡಗಿತು. ಹಾಡು ಆ ಕ್ಷಣಕ್ಕೆ ಕಾಯುವುದಿಲ್ಲ. ಆ ಕ್ಷಣದಲ್ಲಿ ಪ್ರತಿ ಸಲವೂ ನನಗೆ ಬೆನ್ನುಗಳ ನಡುವಿನ ಆ ಒಂದು ಮುಖ ಕಾಣುತ್ತಿತ್ತು. ಬೆರಳಿನ ತಪ್ಪು ಎಂದು ಹೇಳಲಾರೆ.

ಆ ದಿನದ ಕೊನೆಯ ಭಾಗ ಉಳಿದಿದೆ.

ಡಾಕ್ಟರು ಎಕ್ಸ್‌ರೇ ತೆಗೆಸಿ, ಮೊಣಕೈವರೆಗೆ ಪ್ಲಾಸ್ಟರ್ ಹಾಕಿ ಕಳಿಸುವಾಗ ಸಂಜೆಯಾಗಿತ್ತು. ಚೆಂಬೂರಿನಿಂದ ಅಂಧೇರಿಗೆ ರಿಕ್ಷಾದಲ್ಲಿ ಹೊರಟೆವು. ರಸ್ತೆಯ ಪ್ರತಿ ಗುಂಡಿಗೂ ಅವಳು ಹಲ್ಲು ಕಚ್ಚುತ್ತಿದ್ದಳು. ಡಾಕ್ಟರಿಗೆ ಅವಳು ಹೇಳಿದ ಒಂದು ಮಾತು ನನ್ನನ್ನು ಕೊರೆಯುತ್ತಿತ್ತು. ಗುಂಡು ಕೇಳಿದಾಗ ಅವಳು ಆಗಲೇ ಮೆಟ್ಟಿಲಿನ ಅರ್ಧ ಇಳಿದಿದ್ದಳು. ಅವಳ ಕೆಳಗೆ ಯಾರೂ ಇರಲಿಲ್ಲ. ಹದಿನೈದು ಮೆಟ್ಟಿಲು ಇಳಿದಿದ್ದರೆ ಬೀದಿ.

"ನಿಮ್ಮಿ, ನೀನು ಕೆಳಗೆ ಹೋಗಬಹುದಿತ್ತು" ಎಂದೆ.

"ಹೂಂ."

"ಮತ್ತೆ ಮೇಲೆ ಯಾಕೆ ಬಂದೆ? ಎಲ್ಲರೂ ಇಳೀತಿರುವಾಗ?"

ಅವಳು ಹೊರಗೆ ಮೆಟ್ರೋದ ಕಂಬಗಳನ್ನು ನೋಡುತ್ತ ಕೂತಳು.

"ಮನಿ ಕೀಲಿಕೈ ನಿಮ್ಮ ಕಿಸೇದಾಗಿತ್ತಲ್ರಿ" ಎಂದಳು. "ನಿಮಗೇನರ ಆಗಿದ್ರ ನಾ ಹೊರಗs ಕೂಡಬೇಕಿತ್ತು."

ನನಗೆ ನಗು ಬಂತು. ಇಡೀ ದಿನದಲ್ಲಿ ಮೊದಲ ಸಲ ಸರಿಯಾಗಿ ಉಸಿರಾಡಿದೆ. ನನ್ನ ಹೆಂಡತಿ ಇಂಥವಳೇ ಎಂದು ಸಮಾಧಾನವಾಯಿತು.

ಲಿಫ್ಟಿನಿಂದ ಇಳಿದು ಬಾಗಿಲ ಮುಂದೆ ನಿಂತು ಕಿಸೆಗೆ ಕೈ ಹಾಕಿದೆ. ಎಡ ಕಿಸೆ, ಬಲ ಕಿಸೆ, ಅಂಗಿಯ ಕಿಸೆ. ಇರಲಿಲ್ಲ. ಆಮೇಲೆ ನೆನಪಾಯಿತು. ಬೆಳಿಗ್ಗೆ ಏಳಕ್ಕೇ ನಾನು ಸಾಮಾನಿನ ಟೆಂಪೋದಲ್ಲಿ ಹೊರಟುಹೋಗಿದ್ದೆ. ಹತ್ತು ಗಂಟೆಗೆ ಬೀಗ ಹಾಕಿಕೊಂಡು ಬಂದವಳು ಅವಳೇ.

ನಿರ್ಮಲಾ ನನ್ನ ಮುಖ ನೋಡಲಿಲ್ಲ. ಪ್ಲಾಸ್ಟರ್ ಕೈಯಲ್ಲಿ ಪರ್ಸನ್ನು ಎದೆಗೊತ್ತಿ ಹಿಡಿದು, ಎಡಗೈಯಿಂದ ಕೀಲಿಕೈ ಹೊರಗೆ ತೆಗೆದಳು. ರೂಢಿಯಿಲ್ಲದ ಕೈ, ಬೀಗದ ತೂತು ಸಿಗಲಿಲ್ಲ. ನಾನು ಕೈ ಚಾಚಿದೆ. ಭುಜದಿಂದ ದೂಡಿದಳು. ಮೂರನೆಯ ಸಲಕ್ಕೆ ಬೀಗ ತೆರೆಯಿತು.

"ನಿಂತೀರೇನು?" ಎಂದಳು, ಇನ್ನೂ ನನ್ನ ಕಡೆ ತಿರುಗದೆ. "ಹೋಗ್ರಿ ಒಳಗ, ಚಾ ಇಡ್ರಿ."